ಮೂರನೆಯ ಹಾಪ್ಸ್ ಚೀಲ

ಪ್ಲ್ಜೆನ್ ಪಟ್ಟಣದಲ್ಲಿ ನಡೆದ ಬಿಯರ್ ತಯಾರಿಕೆಯ ತರಬೇತಿಗೆ ಎರಡು ದಿನ ಹೋಗಿಬಂದ ಮೇಲೆ ವಿಲೆಮ್ ಸೆಡ್ಲಾಕನ ಕಣ್ಣಿಗೆ ಇಡೀ ಮಲೆನೊವ್ಕಾ ಊರೇ ಅವಿದ್ಯಾವಂತರ ಕೂಟವಾಗಿ ಕಾಣತೊಡಗಿತು. ಹೋಗುವ ಮುಂಚೆ ಅವನು ಸಾಧಾರಣ ಮನುಷ್ಯ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ರೈಲುಗಳು ಅಪರೂಪ, ಪ್ರಯಾಣಿಕರು ಇನ್ನೂ ಅಪರೂಪ, ಹಾಗಾಗಿ ಕೂತು ಯೋಚನೆ ಮಾಡಲು ಬೇಕಾದಷ್ಟು ಬಿಡುವು. ಅಷ್ಟು ಬಿಡುವಿದ್ದೂ ಅವನು ಯೋಚನೆ ಮಾಡಿದ್ದನ್ನು ಕಂಡವರಿರಲಿಲ್ಲ. ತರಬೇತಿ ಮುಗಿಸಿ ಬಂದವನು ಕೊರಳಲ್ಲಿ ನೇತಾಡುತ್ತಿದ್ದ ಹೆಸರಿನ ಬಿಲ್ಲೆಯನ್ನೂ ತೆಗೆಯದೆ ನೇರವಾಗಿ ಹಿನೆಕನ ಬಿಯರ್ ಅಂಗಡಿಗೆ ಹೋದ.

ಮಲೆನೊವ್ಕಾದವರು ಮುತ್ತಜ್ಜಂದಿರ ಕಾಲದಿಂದ ಹಾಪ್ಸ್ ಬೆಳೆದವರು. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಆ ಹಸಿರು ಹೂವಿನ ಬಳ್ಳಿ ಅವರ ಹೊಲದಲ್ಲಿ ಮಾತ್ರವಲ್ಲ, ಮಾತಿನಲ್ಲೂ ಹಬ್ಬಿಕೊಂಡಿತ್ತು. ಪ್ರತಿ ಮನೆಯ ಅಂಗಳದಲ್ಲೂ ಒಂದು ಹಂಡೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿನೀರು ಕೊತಕೊತ ಕುದಿಯುವಾಗ ಬೊಗಸೆಯಲ್ಲಿ ಹಾಪ್ಸ್ ಮೊಗೆದು ಎಸೆಯುವುದು, ಆಮೇಲೆ ಹೂವಿನ ಎಸಳು ಹಂಡೆಯ ನಲ್ಲಿಗೆ ಸಿಕ್ಕಿ ಕಟ್ಟಿಕೊಂಡಾಗ ಕಡ್ಡಿ ತುರುಕಿ ಬೈಯುವುದು, ಇದು ಊರಿನ ವಿಧಾನ. ಬೈಗುಳವೂ ಅದರ ಒಂದು ಅಂಗವೇ ಎಂದು ಎಲ್ಲರೂ ತಿಳಿದಿದ್ದರು.

"ಹಾಪ್ಸನ್ನ ಹಂಗೆ ಬಾಚಿ ಎಸೆಯೋದು ದನಕ್ಕೆ ಹುಲ್ಲು ಹಾಕೋ ರೀತಿ" ಎಂದು ವಿಲೆಮ್ ಖಾಯಂ ಗಿರಾಕಿಗಳ ಮೇಜಿನ ಮುಂದೆ ನಿಂತು ಘೋಷಿಸಿದ.

ಹಿನೆಕ್ ಗ್ಲಾಸ್ ಒರೆಸುತ್ತಲೇ ಕೇಳಿದ. "ಮತ್ತೆ ಹೆಂಗೆ ಹಾಕ್ಬೇಕು ಸ್ವಾಮಿ?"

"ಬಟ್ಟೆ ಚೀಲದಲ್ಲಿ ಕಟ್ಟಿ ಇಳಿಬಿಡ್ಬೇಕು. ಕುದಿ ಬಂದ ತಕ್ಷಣ ಮೊದಲ್ನೇ ಚೀಲ, ಅದು ಕಹಿಗೆ. ನಡುವೆ ಎರಡ್ನೇದು, ಅದು ರುಚಿಗೆ. ಒಲೆ ಆರಿಸೋ ಮುಂಚೆ ಮೂರ್ನೇದು, ಅದು ಪರಿಮಳಕ್ಕೆ. ಕಸ ಇಲ್ಲ, ನಲ್ಲಿ ಕಟ್ಕೊಳಲ್ಲ."

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಎರಡು ದಿನದ ವಿದ್ಯೆ ಒಳಗೆ ನಿಲ್ಲುವುದಿಲ್ಲ, ಉಕ್ಕಿ ಬರುತ್ತದೆ. ಹಿನೆಕ್ ಅಂಗಡಿಯ ಹಿತ್ತಿಲಲ್ಲಿ ತಾನೇ ಕುದಿಸಿ ಮಾರುತ್ತಿದ್ದ ಬಿಯರಿನ ಗ್ಲಾಸನ್ನು ವಿಲೆಮ್ ಬೆಳಕಿಗೆ ಹಿಡಿದು ನೋಡಿ, ಇಷ್ಟು ವರ್ಷ ನೀನು ನಮಗೆ ಕುಡಿಸಿದ್ದು ಬಿಯರಲ್ಲ, ಹಾಪ್ಸಿನ ಸಾರು ಎಂದುಬಿಟ್ಟ.

ಹಿನೆಕ್ ಒಂದು ಸ್ಟೂಲು ತಂದ, ಹತ್ತಿದ, ಗೋಡೆಯ ಕೊಕ್ಕೆಯಿಂದ ವಿಲೆಮನ ಪಿಂಗಾಣಿ ಲೋಟ ಇಳಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅವನ ಮುಂದಿಟ್ಟ.

ಆ ಕೊಕ್ಕೆ ಏನೆಂದು ತಿಳಿಯದೆ ವಿಲೆಮನ ಸಂಕಟ ಅರ್ಥವಾಗದು. ಖಾಯಂ ಮೇಜಿನ ಮೇಲಿನ ಗೋಡೆಯಲ್ಲಿ ಸಾಲಾಗಿ ಕೊಕ್ಕೆಗಳು, ಒಂದೊಂದರಲ್ಲಿ ಒಬ್ಬೊಬ್ಬರ ಲೋಟ. ಅಲ್ಲಿ ಲೋಟ ತೂಗುವವನು ಮನುಷ್ಯ, ಉಳಿದವರು ಜನಸಂಖ್ಯೆ. ವಿಲೆಮನ ಲೋಟವೂ ಕೊಕ್ಕೆಯೂ ಅವನ ಸ್ವಂತ ಸಂಪಾದನೆಯಲ್ಲ. ಮಾವ ಅಂತೋನಿನ್ ಒಂಬತ್ತು ವರ್ಷದ ಹಿಂದೆ ತೀರಿಕೊಂಡಾಗ ಅಳಿಯನಿಗೆ ಬಿಟ್ಟುಹೋದದ್ದು ಅದೊಂದೇ. ಉಳಿದದ್ದೆಲ್ಲ ಅತ್ತೆಯ ಹೆಸರಿನಲ್ಲಿತ್ತು.

"ಸುಗ್ಗಿ ಹಬ್ಬಕ್ಕೆ ನಿನ್ನ ಚೀಲದ ಬಿಯರ್ ತಗೊಂಬಾ" ಎಂದ ಹಿನೆಕ್. "ಮೇಜಿನೋರು ಕುಡಿದು ಒಪ್ಪಿದ್ರೆ ಈ ಲೋಟ ನಾನೇ ಮೇಲೆ ಹಾಕ್ತೀನಿ. ಇಲ್ದಿದ್ರೆ ಮನೇಲಿ ಇದ್ರಲ್ಲಿ ಹೂವಿಟ್ಕೋ."

ಹಬ್ಬದ ಸ್ಪರ್ಧೆಗೆ ಒಂದೇ ನಿಯಮ. ಹಾಪ್ಸ್ ತಾನೇ ಬೆಳೆದದ್ದಾಗಿರಬೇಕು, ಇಲ್ಲವೇ ಯಾರಾದರೂ ಮನಸಾರೆ ಕೊಟ್ಟದ್ದಾಗಿರಬೇಕು. ಮಲೆನೊವ್ಕಾದಲ್ಲಿ ಕೊಲೆಯಾದರೆ ಕಾರಣವೇನಿತ್ತೋ ಎಂದು ವಿಚಾರಿಸುವಷ್ಟು ತಾಳ್ಮೆ ಜನಕ್ಕಿದೆ. ಹಾಪ್ಸ್ ಕದ್ದವನ ವಿಷಯದಲ್ಲಿ ಆ ತಾಳ್ಮೆ ಇಲ್ಲ. ಅವನ ಕೊಕ್ಕೆಯನ್ನು ಗೋಡೆಯಿಂದ ಕಿತ್ತು ತೂತಿಗೆ ಸುಣ್ಣ ಬಳಿಯುತ್ತಾರೆ. ಹಾಗೆ ಬಳಿದ ಗುರುತು ಗೋಡೆಯಲ್ಲಿ ಒಂದಿತ್ತು. ಆ ಮನೆಯವರು ಮೂರು ತಲೆಮಾರಾದರೂ ಪಕ್ಕದೂರಿಗೆ ಹೋಗಿ ಕುಡಿದು ಬರುತ್ತಿದ್ದರು.

ವಿಲೆಮ್ ಸುತ್ತಿದ ಲೋಟವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದು ಅಡುಗೆಮನೆಯ ಬೀರುವಿನ ಮೇಲಿಟ್ಟ. ಅತ್ತೆ ಅಮಾಲಿಯೆ ಅದನ್ನು ನೋಡಿದಳು. ಪತ್ರಿಕೆಯಲ್ಲಿ ಸುತ್ತಿದ್ದರೂ ನಲವತ್ತು ವರ್ಷ ಗಂಡ ಕುಡಿದ ಲೋಟದ ಆಕಾರ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಅವರು ನಲವತ್ತು ವರ್ಷ ಕುಡಿದ್ರು, ಒಂದಿನ ಇಳಿಸಿರ್ಲಿಲ್ಲ" ಎಂದಳು. "ಬಿಡಿ ಅಳಿಯಂದ್ರೇ, ನೀವು ಓದಿದೋರು."

ಅತ್ತೆಯ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗಂಡ ಹೋದ ಮೇಲೆ ಅವಳಿಗೆ ನಿದ್ದೆಯೂ ಹೋಗಿತ್ತು. ಆಗ ಆ ಕಡೆಯ ಹೆಂಗಸರೆಲ್ಲ ಮಾಡುವಂತೆ, ಗಂಡ ಬೆಳೆದ ಕೊನೆಯ ಬೆಳೆಯ ಹಾಪ್ಸನ್ನು ತುಂಬಿ ಒಂದು ಪುಟ್ಟ ದಿಂಬು ಹೊಲಿದುಕೊಂಡಳು. ಅದರ ವಾಸನೆಗೆ ನಿದ್ದೆ ಬರುತ್ತದೆ. ಅವಳು ಅದರೊಳಗೆ ಗಂಡ ಹೊಗೆಸೊಪ್ಪು ಸೇದುತ್ತಿದ್ದ ಮರದ ಪೈಪನ್ನೂ ಸೇರಿಸಿದ್ದಳು. ಅಂದಿನಿಂದ ಅವಳು ಅದರ ಮೇಲೆ ತಲೆಯಿಟ್ಟರೆ ಸಾಕು, ಮನೆಯವರಿಗೆಲ್ಲ ನೆಮ್ಮದಿ. ಬೆಳಗಾದರೆ ಊರಿನ ಹಾಸಿಗೆ ದಿಂಬುಗಳೆಲ್ಲ ಕಿಟಕಿಗೂ ಜಗಲಿಗೂ ಗಾಳಿಗೆ ಬರುತ್ತವಲ್ಲ, ಆಗ ಈ ದಿಂಬೂ ಜಗಲಿಯ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿತ್ತು.

ಸುಗ್ಗಿಗೆ ಒಂದು ತಿಂಗಳ ಮುಂಚೆ ವಿಲೆಮ್ ಹೆಂಡತಿ ಲಿಬುಶೆಯ ಹತ್ತಿರ ಹಳೆಯ ಬಟ್ಟೆ ಕೇಳಿದ. ನೀಲಿ ಹೂವಿನ ಹರಿದ ಹೊದಿಕೆಯೊಂದನ್ನು ಅವಳು ಕೊಟ್ಟಳು. ಅದೇ ಹೊದಿಕೆಯ ಒಂದು ತುಂಡಿನಿಂದ ಒಂಬತ್ತು ವರ್ಷದ ಹಿಂದೆ ಅಮ್ಮನ ದಿಂಬಾಗಿತ್ತು ಎಂಬುದು ಯಾರಿಗೂ ನೆನಪಿರಲಿಲ್ಲ, ನೆನಪಿದ್ದರೂ ಅದು ಹೇಳುವಂಥ ವಿಷಯವಾಗಿರಲಿಲ್ಲ. ವಿಲೆಮ್ ತಾನೇ ಕೂತು ಮೂರು ಚೀಲ ಹೊಲಿದ. ತನ್ನದೇ ಬೇಲಿಯ ಮೇಲೆ ಹಬ್ಬಿದ ಬಳ್ಳಿಯ ಹಾಪ್ಸನ್ನು, ಕಳೆದ ವರ್ಷ ಒಣಗಿಸಿ ಡಬ್ಬಿಯಲ್ಲಿಟ್ಟದ್ದನ್ನು, ಮೂರಕ್ಕೂ ತುಂಬಿದ. ಒಂದು, ಎರಡು, ಮೂರು ಎಂದು ಜಗಲಿಯ ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ. ಕೆಲಸದಲ್ಲಿ ಕ್ರಮ ಮುಖ್ಯ ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಮೂರನೆಯದರ ಪಕ್ಕದಲ್ಲಿ ಅತ್ತೆಯ ದಿಂಬು ಮೈ ಚಾಚಿಕೊಂಡಿತ್ತು.

ಕುದಿಸುವ ದಿನ ಬೇಲಿಯುದ್ದಕ್ಕೂ ಜನ ಸೇರಿದರು. ಪಕ್ಕದ ಮನೆಯ ರೂಝೆನಾ ಕುರ್ಚಿ ತಂದು ಹಾಕಿಕೊಂಡಳು, ಸುಲಿಯಲು ಬಟಾಣಿಯನ್ನೂ ತಂದಿದ್ದಳು. ವಿಲೆಮ್ ಬಿಳಿ ಏಪ್ರನ್ ಕಟ್ಟಿ, ಕೊರಳಿಗೆ ಹೆಸರಿನ ಬಿಲ್ಲೆ ಹಾಕಿ ಹಂಡೆಯ ಮುಂದೆ ನಿಂತ. ಬಿಲ್ಲೆ ಯಾತಕ್ಕೆಂದು ಯಾರೂ ಕೇಳಲಿಲ್ಲ, ಹುಟ್ಟಿದಾಗಿನಿಂದ ಅವನ ಹೆಸರು ಎಲ್ಲರಿಗೂ ಗೊತ್ತಿತ್ತು.

ಕುದಿ ಬಂತು. ಮೊದಲ ಚೀಲವನ್ನು ಇಳಿಬಿಟ್ಟದ್ದೇ ತಡ, ಹಾಪ್ಸ್ ತಾಗಿದ ಸಿಹಿನೀರು ಬುಸ್ಸೆಂದು ನೊರೆಯೆದ್ದು ಹಂಡೆಯಿಂದ ಹೊರಬಿದ್ದು ಒಲೆಯನ್ನು ಅರ್ಧ ಆರಿಸಿತು. ಬೂದಿ ಅಂಗಳವೆಲ್ಲ ಹಾರಿತು. ವಿಲೆಮ್ ಏಪ್ರನ್ ಒರೆಸಿಕೊಳ್ಳುತ್ತ ಇದು ನಿರೀಕ್ಷಿಸಿದ್ದೇ, ಎಲ್ಲ ಲೆಕ್ಕದ ಪ್ರಕಾರ ನಡೆಯುತ್ತಿದೆ ಎಂದು ಜನಕ್ಕೆ ವಿವರಿಸಿದ. ಹೊಸದಾಗಿ ಬೆಂಕಿ ಹೊತ್ತಿಸಿದ ಮೇಲೆ ಇನ್ನೊಂದು ತೊಡಕು. ಚೀಲ ಮುಳುಗಲೇ ಇಲ್ಲ, ಮೇಲೆಯೇ ತೇಲಿಕೊಂಡು ಹಂಡೆಯೊಳಗೆ ಸುತ್ತು ಹೊಡೆಯಿತು. ಅದನ್ನು ಕೋಲಿನಿಂದ ಒತ್ತಿ ಮುಳುಗಿಸಿ, ಕೋಲು ತೆಗೆದ ಕೂಡಲೇ ಅದು ಮತ್ತೆ ಮೇಲೆ ಬಂದದ್ದನ್ನು ನೋಡಿದಾಗ ಅವನಿಗೆ ತರಬೇತಿ ನೆನಪಾಯಿತು. ಚೀಲದೊಳಗೆ ಭಾರಕ್ಕೆ ಏನಾದರೂ ಹಾಕಬೇಕಿತ್ತು. ಚಮಚ ತರಲು ಅಡುಗೆಮನೆಗೆ ಓಡಿದ.

ಬೂದಿ ಹಾಸಿಗೆಗಳ ಮೇಲೆ ಬೀಳುತ್ತಿದೆಯೆಂದು ಲಿಬುಶೆ ಜಗಲಿಯಲ್ಲಿದ್ದದ್ದನ್ನೆಲ್ಲ ಬಾಚಿಕೊಂಡು ಒಳಗೆ ಹೋದದ್ದು ಅದೇ ಹೊತ್ತಿನಲ್ಲಿ. ನೀಲಿ ಹೂವಿನ ಪುಟ್ಟ ದಿಂಬೊಂದನ್ನು ಅಮ್ಮನ ಹಾಸಿಗೆಯ ಮೇಲಿಟ್ಟಳು. ಬೆಂಚಿನ ಮೇಲೆ ನೀಲಿ ಹೂವಿನವು ಎರಡು ಉಳಿದವು. ವಿಲೆಮ್ ಬಂದು ಎಣಿಸಿದ, ಎರಡೇ ಇರಬೇಕಾದದ್ದು, ಎರಡಿವೆ. ಎರಡನೆಯ ಚೀಲಕ್ಕೆ ಚಮಚ ಹಾಕಿದ. ಮೂರನೆಯದನ್ನು ಹಿಸುಕಿದರೆ ಒಳಗೆ ಗಟ್ಟಿಯಾದದ್ದೇನೋ ಆಗಲೇ ಇತ್ತು. ಇದಕ್ಕೆ ತಾನು ಮುಂಚೆಯೇ ಹಾಕಿಟ್ಟಿದ್ದೇನೆ ಎಂದು ತನ್ನ ಮುಂದಾಲೋಚನೆಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಕೊನೆಗೆ ಅದನ್ನೂ ಹಂಡೆಗೆ ಇಳಿಬಿಟ್ಟಾಗ ಒಂದು ಬಗೆಯ ವಾಸನೆ ಎದ್ದಿತು. ರೂಝೆನಾ ಬಟಾಣಿ ಬಿಟ್ಟು ಮೂಗೆತ್ತಿದಳು.

"ವಿಲೆಮಣ್ಣ, ಇದೇನು ಯಾರದೋ ಮಲಗೋ ಕೋಣೆ ವಾಸ್ನೆ ಬಂದಂಗಿದೆ."

"ಅದನ್ನೇ ಪರಿಮಳ ಅನ್ನೋದು ರೂಝೆನಕ್ಕ. ಅಭ್ಯಾಸ ಇಲ್ದೋರಿಗೆ ಹಂಗೆ ಅನ್ಸುತ್ತೆ" ಎಂದ ವಿಲೆಮ್.

ಚೀಲಗಳನ್ನು ಮೇಲೆತ್ತಿ, ಮೃದುವಾಗಿ ಹಿಂಡಿ, ಹಿತ್ತಿಲ ಗೊಬ್ಬರದ ಗುಂಡಿಗೆ ಎಸೆದ. ಬಿಯರನ್ನು ತಣಿಸಿ, ಹುದುಗಲು ಪೀಪಾಯಿಗೆ ತುಂಬಿ, ನೆಲಮಾಳಿಗೆಯಲ್ಲಿಟ್ಟು ಬಾಗಿಲು ಹಾಕಿದ. ಗೆದ್ದೆನೆಂದುಕೊಂಡು ಕೈ ತೊಳೆಯುತ್ತಿರುವಾಗ ಮಧ್ಯಾಹ್ನದ ನಿದ್ದೆಗೆ ಹೋಗಿದ್ದ ಅತ್ತೆ ಎದ್ದು ಬಂದಳು.

"ನನ್ನ ದಿಂಬು ಯಾರೋ ಬದಲಾಯಿಸಿದಾರೆ" ಎಂದಳು.

ಬಟ್ಟೆ ಅದೇ ಇದೆಯಲ್ಲ ಎಂದು ಲಿಬುಶೆ ತೋರಿಸಿದಳು. ಬಟ್ಟೆ ತನ್ನದೇ, ಒಳಗಿರುವುದು ತನ್ನದಲ್ಲ ಎಂದಳು ಅತ್ತೆ. ಕತ್ತರಿ ತಂದು ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಸುರಿದಳು. ಯಾವುದೋ ಹಾಪ್ಸ್. ಪೈಪು ಇಲ್ಲ. ಅವಳು ಆ ರಾಶಿಯನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿದಳು, ಕೊನೆಗೆ ಸುಮ್ಮನೆ ಕೂತಳು. ಅವಳು ಸುಮ್ಮನೆ ಕೂತದ್ದನ್ನು ವಿಲೆಮ್ ಆ ಮನೆಯಲ್ಲಿ ನೋಡಿದ್ದು ಒಂದೇ ಸಲ, ಮಾವನ ಹೆಣ ಎತ್ತಿದ ದಿನ.

ಅವನು ಹಿತ್ತಿಲಿಗೆ ಹೋಗಿ ಗೊಬ್ಬರದ ಗುಂಡಿಯಿಂದ ಮೂರನೆಯ ಚೀಲವನ್ನು ಎಳೆದು ಸೀಳಿದ. ಚಮಚ ಇರಲಿಲ್ಲ. ಮಾವನ ಪೈಪು ಇತ್ತು, ಬೆಂದು ನುಣುಪಾಗಿ.

ಆಗಲೇ ಹೋಗಿ ಹೇಳಿಬಿಡಬಹುದಿತ್ತು. ಹೇಳಿದರೆ ಪೀಪಾಯಿ ಚರಂಡಿಗೆ. ಇನ್ನೊಂದು ಸಲ ಕುದಿಸಿ ಹದಕ್ಕೆ ತರುವಷ್ಟು ಸಮಯ ಹಬ್ಬಕ್ಕಿಲ್ಲ. ಕೊಕ್ಕೆ ಹೋಯಿತು ಎಂದೇ ಲೆಕ್ಕ. ಮನುಷ್ಯನಾಗಿ ಉಳಿಯುವುದೋ ಜನಸಂಖ್ಯೆಗೆ ಸೇರುವುದೋ ಎಂದು ತೂಗಿ ನೋಡಿದ ವಿಲೆಮ್ ಬಾಯಿಗೆ ಬೀಗ ಹಾಕಿಕೊಂಡ. ಪೈಪನ್ನು ಒರೆಸಿ, ಮನೆಯಲ್ಲಿ ಯಾರೂ ಮುಟ್ಟದ ಜಾಗ ಯಾವುದೆಂದು ಹುಡುಕಿ, ಬೀರುವಿನ ಮೇಲೆ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಲೋಟದೊಳಗೆ ತುರುಕಿದ. ಇದಕ್ಕಿಂತ ಭದ್ರವಾದ ಜಾಗ ಪ್ರಪಂಚದಲ್ಲಿಲ್ಲ ಎಂದು ಅವನಿಗೆ ಅನಿಸಿತು.

ಅತ್ತೆ ಮರುದಿನ ಬೇಲಿಯ ಬಳಿ ರೂಝೆನಾಗೆ ಹೇಳಿದ್ದು ಇಷ್ಟೇ: ಯಾರೋ ನನ್ನ ಒಳ್ಳೇ ಹಾಪ್ಸ್ ತಗೊಂಡು ಕಸದಂಥ ಹಾಪ್ಸ್ ಇಟ್ಟು ಹೋಗಿದಾರೆ. ರೂಝೆನಾ ಬ್ರೆಡ್ ಅಂಗಡಿಗೆ ಹೋಗುವಷ್ಟರಲ್ಲಿ ದಿಂಬು ಮಾತಿನಿಂದ ಬಿದ್ದುಹೋಗಿ ಬರೀ ಹಾಪ್ಸ್ ಉಳಿದಿತ್ತು. ಮಧ್ಯಾಹ್ನಕ್ಕೆ ಅದು ಒಂದು ಮೂಟೆಯಾಯಿತು. ಸಂಜೆ ಹಿನೆಕನ ಅಂಗಡಿಯಲ್ಲಿ, ಹೊರಗಿನ ತಂಡವೊಂದು ಲಾರಿಯಲ್ಲಿ ಬಂದು ಕಣಜಗಳಲ್ಲಿನ ಹಳೆಯ ದಾಸ್ತಾನು ಸಾಗಿಸಿ, ಕೆಳದರ್ಜೆಯ ಮಾಲು ತುಂಬಿ ಹೋಗುತ್ತಿದೆ ಎಂದು ತೀರ್ಮಾನವಾಯಿತು. ಲಾರಿಯ ಬಣ್ಣದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು.

ಮಲೆನೊವ್ಕಾ ಕಣಜಗಳಿಗೆ ಬೀಗ ಜಡಿಯಿತು. ಭಾವಮೈದುನರು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿದರು. ಅಜ್ಜನೊಬ್ಬ ಬಂದೂಕು ಹಿಡಿದು ಕಾವಲು ಕೂತು ತನ್ನದೇ ಬೆದರುಬೊಂಬೆಗೆ ಗುಂಡು ಹೊಡೆದ. ಅದರ ಮೈಮೇಲೆ ಅವನದೇ ಕೋಟು ಇತ್ತೆಂದು ಬೆಳಗ್ಗೆ ಗೊತ್ತಾಗಿ ಹೆಂಡತಿ ಅವನನ್ನು ಕಾವಲಿನಿಂದ ವಜಾ ಮಾಡಿದಳು. ಕೊನೆಗೆ ಒಂದು ಜಾಗೃತ ಸಮಿತಿಯೂ ಆಯಿತು. ಅಧ್ಯಕ್ಷತೆ ಯಾರಿಗೆ? ಮೊದಲು ನಷ್ಟವಾದ ಮನೆಯವನಿಗೇ. ತರಬೇತಿ ಬೇರೆ ಆಗಿದೆ. ವಿಲೆಮ್ ಬೇಡ ಬೇಡವೆಂದಷ್ಟೂ ಅದು ಅವನ ವಿನಯವೆಂದು ಜನ ಒತ್ತಾಯಿಸಿದರು.

ಒಂದು ವಾರ ಅವನು ತೋಳಿಗೆ ಪಟ್ಟಿ ಕಟ್ಟಿಕೊಂಡು ಮನೆಮನೆಯ ಹಾಪ್ಸ್ ಮೂಸಿದ. ಮೂಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸರಿಯಾಗಿದೆ ಎಂದು ತಲೆಯಾಡಿಸುತ್ತಿದ್ದ. ಅವನಿಗೆ ಆ ಕೆಲಸ ಹಿಡಿಸತೊಡಗಿತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ದಾರಿಯಲ್ಲಿ ಜನ ಟೋಪಿ ತೆಗೆದು ನಮಸ್ಕರಿಸುತ್ತಿದ್ದರು. ಕಳ್ಳ ಸಿಗುವವರೆಗೂ ತಾನು ವಿಶ್ರಮಿಸುವುದಿಲ್ಲ ಎಂದು ಒಂದು ಸಂಜೆ ಭಾಷಣವನ್ನೂ ಮಾಡಿದ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಸಮಿತಿಯ ಮನವಿಯ ಮೇರೆಗೆ, ಹಾಪ್ಸ್ ಮೂಟೆಗಳಿಗೆ ಸರಕಾರಿ ಮುದ್ರೆ ಒತ್ತುವ ಅಧಿಕಾರಿ ಡಾಕ್ಟರ್ ವೊಂದ್ರಾ ಊರಿಗೆ ಬಂದರು. ಅವರ ಮೂಗಿಗೆ ಇಡೀ ಜಿಲ್ಲೆಯೇ ಹೆದರುತ್ತಿತ್ತು. ಅತ್ತೆಯ ಅಡುಗೆಮನೆಯಲ್ಲಿ ಕೂತು, ದಿಂಬಿನಿಂದ ಸುರಿದ ಹೂವನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, ಕೈ ಒರೆಸಿಕೊಂಡರು.

"ಇದು ಬೆಳೆದಿದ್ದಲ್ಲ. ಯಾವುದೋ ಬೇಲಿ ಮೇಲೆ ತಾನಾಗಿ ಹಬ್ಬಿದ್ದು. ಆಡು ಕೂಡ ಮೂಸಿ ನೋಡಿ ಮುಂದೆ ಹೋಗುತ್ತೆ. ಅಧ್ಯಕ್ಷರು ಏನಂತೀರಿ?"

"ಹೌದು ಸ್ವಾಮಿ, ಆಡಿಗೂ ಬೇಡ" ಎಂದ ವಿಲೆಮ್. ಅದು ಅವನು ಮುತುವರ್ಜಿಯಿಂದ ನೀರು ಹಾಕಿ ಬೆಳೆಸಿದ ಬಳ್ಳಿ.

"ಇದನ್ನ ಹಾಪ್ಸ್ ಅಂತ ಒಣಗಿಸಿ ಇಟ್ಕೊಂಡಿದ್ದ ಮನುಷ್ಯನಿಗೆ ನಾಚಿಕೆ ಆಗ್ಬೇಕು."

"ಆಗ್ತಾ ಇದೆ ಸ್ವಾಮಿ" ಎಂದವನು ಮರುಕ್ಷಣ ತಿದ್ದಿಕೊಂಡು, "ಆಗ್ತಾ ಇರುತ್ತೆ ಅಂದೆ" ಎಂದ.

ಅತ್ತೆ ಅಳಿಯನನ್ನೊಮ್ಮೆ, ಕಿಟಕಿಯಾಚೆಗಿನ ಬೇಲಿಯನ್ನೊಮ್ಮೆ ನೋಡಿ, ಕಾಫಿ ತರಲು ಎದ್ದಳು.

ಅವಳಿಗೆ ನಿದ್ದೆ ಪೂರ್ತಿ ಬಿಟ್ಟುಹೋಗಿತ್ತು. ಮನೆಯವರಿಗೂ ಬಿಡಿಸಿದಳು. ಕೋಳಿ ಕೂಗುವ ಮುಂಚೆ ಇಸ್ತ್ರಿ ಹಾಕಲು ಶುರು, ಇಸ್ತ್ರಿ ಹಾಕುತ್ತ ಮದುವೆಯ ದಿನದಿಂದ ಅಳಿಯ ಮಾಡಿದ ತಪ್ಪುಗಳನ್ನು ಕ್ರಮವಾಗಿ ಹೇಳಲು ಶುರು. ವಿಲೆಮ್ ಪಟ್ಟಣದಿಂದ ಲ್ಯಾವೆಂಡರ್ ತುಂಬಿದ ಹೊಸ ದಿಂಬು ತಂದುಕೊಟ್ಟ. ಅದನ್ನು ಅವಳು ನಾಯಿಗೆ ಹಾಕಿದಳು. ನಾಯಿ ಎರಡು ದಿನ ಏಳಲಿಲ್ಲ. ಇದನ್ನೆಲ್ಲ ಅವನು ಸಹಿಸಿಕೊಂಡ. ಆದರೆ ಒಂದು ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿಕೊಂಡೇ, ಕೆನ್ನೆಯ ಪಕ್ಕದಲ್ಲಿ ಇಲ್ಲದ ದಿಂಬನ್ನು ಕೈಯಿಂದ ತಡಕಾಡುತ್ತಿದ್ದದ್ದನ್ನು ನೋಡಿದ. ಅವನಿಗೆ ನಿಜವಾಗಿ ಸಂಕಟವಾಯಿತು. ಹಬ್ಬ ಮುಗಿದ ಮರುದಿನವೇ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿ, ಹಾಗೆ ನಿಶ್ಚಯಿಸಿದ್ದಕ್ಕೆ ತನ್ನ ಬಗ್ಗೆ ಒಂದಿಷ್ಟು ಹೆಮ್ಮೆಯನ್ನೂ ಪಟ್ಟುಕೊಂಡ.

ಹಬ್ಬದ ದಿನ ಹಿನೆಕನ ಅಂಗಡಿಯ ಮುಂದಿನ ಲಿಂಡೆನ್ ಮರಗಳ ಕೆಳಗೆ ಮೇಜು ಹಾಕಿದ್ದರು. ವಾದ್ಯದವರು ಬಂದಿದ್ದರು, ಒಲೆಯ ಮೇಲೆ ಹಂದಿಮಾಂಸ ಸುಡುತ್ತಿತ್ತು, ಹಾಪ್ಸ್ ಬಳ್ಳಿಯ ಹಾರ ಎಲ್ಲರ ಕೊರಳಲ್ಲಿ. ತೀರ್ಪಿಗೆ ಡಾಕ್ಟರ್ ವೊಂದ್ರಾ ಕೂತರು, ಪಕ್ಕದಲ್ಲಿ ಹಿನೆಕ್, ಸುತ್ತಲೂ ಖಾಯಂ ಮೇಜಿನವರು. ವಿಲೆಮನ ಸರದಿ ಬಂದಾಗ ಡಾಕ್ಟರರು ಗ್ಲಾಸ್ ಎತ್ತಿ ಒಂದು ಗುಟುಕು ಕುಡಿದರು. ಹುಬ್ಬು ಮೇಲಕ್ಕೆ ಹೋಯಿತು. ಇನ್ನೊಂದು ಗುಟುಕು ಕುಡಿದರು.

"ಇದಕ್ಕೆ ವಯಸ್ಸಿದೆ" ಎಂದರು. "ತಾಳ್ಮೆ ಇದೆ. ಹಿಂದಿನಿಂದ ಸಣ್ಣಗೆ ಒಂದು ಹೊಗೆ ರುಚಿ ಬರುತ್ತೆ ನೋಡಿ, ಅದು ಎಲ್ಲಿಂದ ಬಂತು ಅಂತಾನೇ ಗೊತ್ತಾಗ್ತಿಲ್ಲ."

ಅದುವರೆಗೆ ಏನೂ ಕಾಣದಿದ್ದವರಿಗೆಲ್ಲ ಆ ಕ್ಷಣದಿಂದ ಹೊಗೆ ಸ್ಪಷ್ಟವಾಗಿ ಕಂಡಿತು. ಒಬ್ಬನಿಗೆ ವಾಲ್‌ನಟ್ ಕೂಡ ಸಿಕ್ಕಿತು. ಇನ್ನೊಬ್ಬನಿಗೆ ತನ್ನ ಬಾಲ್ಯ ನೆನಪಾಗಿ ಕಣ್ಣು ಒದ್ದೆಯಾಯಿತು. ಹಿನೆಕ್ ಚೆನ್ನಾಗಿದೆ ಎಂಬ ಒಂದು ಮಾತು ಹೇಳುವುದಕ್ಕೆ ಇಡೀ ಗ್ಲಾಸ್ ಮುಗಿಸಬೇಕಾಯಿತು.

"ಚೀಲಾನೇ ಗೆದ್ದಿತು ಕಣೋ ವಿಲೆಮ್" ಎಂದ. "ಎಲ್ಲಿ ಲೋಟ? ಇವತ್ತೇ ಹಾಕ್ಬಿಡ್ತೀನಿ."

ವಿಲೆಮನ ಮೈಯೆಲ್ಲ ಹಗುರಾಯಿತು. ಆ ಹಗುರದಲ್ಲಿ ಒಂದು ಸಣ್ಣ ಭಾರ ನೆನಪಾಗಲು ಕೊಂಚ ತಡವಾಯಿತು. ನೆನಪಾದಾಗ, ಲೋಟ ಮನೆಯಲ್ಲಿದೆ, ನಾಳೆ ತಾನೇ ತರುತ್ತೇನೆ ಎಂದು ಬಾಯಿ ತೆರೆದ. ಅಷ್ಟರಲ್ಲಿ ಲಿಬುಶೆ ಎದ್ದು ನಿಂತಿದ್ದಳು. ಗಂಡ ಗೆಲ್ಲುತ್ತಾನೆ ಎಂದು ಮದುವೆಯಾದ ಮೇಲೆ ಮೊದಲ ಸಲ ನಂಬಿ, ಅವಳು ಲೋಟವನ್ನು ಸುತ್ತಿದ್ದ ಪತ್ರಿಕೆಯ ಸಮೇತ ಬುಟ್ಟಿಯಲ್ಲಿ ತಂದಿದ್ದಳು. ಹಿನೆಕ್ ಪತ್ರಿಕೆ ಬಿಚ್ಚಿದ. ತೊಳೆಯಲೆಂದು ಲೋಟ ಬಗ್ಗಿಸಿದ. ಪೈಪು ಮೇಜಿನ ಮೇಲೆ ಬಿದ್ದು, ಉರುಳಿ, ಡಾಕ್ಟರ್ ವೊಂದ್ರಾ ಅವರ ಗ್ಲಾಸಿಗೆ ತಾಗಿ ನಿಂತಿತು.

ಅದು ಯಾರದೆಂದು ಹೇಳಬೇಕಾಗಿರಲಿಲ್ಲ. ನಲವತ್ತು ವರ್ಷ ಅದು ಅದೇ ಅಂಗಡಿಯ ಮೂಲೆಯಲ್ಲಿ ಹೊಗೆಯಾಡಿತ್ತು.

"ಅದು ನನ್ನ ದಿಂಬಿನೊಳಗಿತ್ತು" ಎಂದಳು ಅಮಾಲಿಯೆ.

ವಾದ್ಯ ನಿಂತಿತು. ರೂಝೆನಾ ಬೆರಳು ಮಡಚುತ್ತ ಜೋರಾಗಿಯೇ ಕೂಡಿಸತೊಡಗಿದಳು. ನೀಲಿ ಹೂವಿನ ಬಟ್ಟೆ, ಮೂರನೆಯ ಚೀಲ, ಮಲಗುವ ಕೋಣೆಯ ವಾಸನೆ. ಒಂಬತ್ತು ವರ್ಷ, ಅದರ ಮೇಲೆ ಒಂದು ತಲೆ. ಅವಳ ಲೆಕ್ಕ ಮುಂದೆ ಹೋದ ಹಾಗೆ ಮೇ‌ಜಿನ ಮೇಲಿನ ಗ್ಲಾಸುಗಳು ಒಂದೊಂದಾಗಿ ಕೆಳಗೆ ಇಳಿದವು. ವಾಲ್‌ನಟ್ ಸಿಕ್ಕಿದವನು ಮರದ ಹಿಂದಕ್ಕೆ ಹೋದ. ಬಾಲ್ಯ ನೆನಪಾದವನು ಮಾತ್ರ, ಇದ್ದರೂ ಇರಬಹುದು, ಅಮಾಲಿಯಮ್ಮ ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ್ದರು ಎಂದ. ಡಾಕ್ಟರ್ ವೊಂದ್ರಾ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ವಯಸ್ಸಿದೆ ಎಂದು ತಾನೇ ಮೊದಲು ಹೇಳಿದ್ದನ್ನು ಎಲ್ಲರೂ ಗಮನಿಸಬೇಕೆಂದು ಕೋರಿದರು.

ಹಿನೆಕ್ ಲೋಟವನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಂತೋಷವಿರಲಿಲ್ಲ, ಅದನ್ನು ಒಪ್ಪಲೇಬೇಕು.

"ಅಮಾಲಿಯಮ್ಮ, ನಿಯಮ ನಿಮಗೂ ಗೊತ್ತು. ನೀವಾಗಿ ಕೊಟ್ರಾ, ಅವನು ಕದ್ನಾ? ಕದ್ದ ಅಂತ ಒಂದು ಮಾತು ಹೇಳಿದ್ರೆ ಆಯ್ತು, ಕೊಕ್ಕೆ ಕಿತ್ತು ಸುಣ್ಣ ಬಳಿಸ್ತೀನಿ."

ವಿಲೆಮ್ ನೆಲ ನೋಡುತ್ತ ನಿಂತ. ಅವನ ಪರವಾಗಿ ಆಡಲು ಅತ್ತೆಯ ಹತ್ತಿರ ಒಂದೇ ಒಂದು ಒಳ್ಳೆಯ ಮಾತಿದ್ದರೆ ಅದು ಇಷ್ಟು ವರ್ಷದಲ್ಲಿ ಹೊರಬಂದಿರಬೇಕಿತ್ತು. ಅತ್ತೆ ಪೈಪನ್ನು ಎತ್ತಿಕೊಂಡು ಮೂಸಿದಳು. ಆಮೇಲೆ ತನಗೊಂದು ಗ್ಲಾಸ್ ಬಿಯರ್ ಕೊಡಿ ಎಂದಳು. ಹಿನೆಕನೇ ತಂದುಕೊಟ್ಟ. ಅವಳು ಅವಸರವಿಲ್ಲದೆ ಪೂರ್ತಿ ಕುಡಿದಳು. ತುಟಿ ಒರೆಸಿಕೊಂಡು ತೀರ್ಪು ಹೇಳಲು ಬಾಯಿ ತೆರೆದಳು, ಆಕಳಿಸಿದಳು, ಪೈಪನ್ನು ಎದೆಗೆ ಒತ್ತಿಕೊಂಡು ಹಾಗೇ ನಿದ್ದೆ ಹೋದಳು.

ಒಂದು ತಿಂಗಳಿಂದ ಬಾಕಿಯಿದ್ದ ನಿದ್ದೆ. ಎಬ್ಬಿಸುವ ಎದೆಗಾರಿಕೆ ಊರಿನಲ್ಲಿ ಯಾರಿಗೂ ಇರಲಿಲ್ಲ. ತೀರ್ಪಿಲ್ಲದೆ ಹಬ್ಬ ಮುಂದುವರಿಯುವ ಹಾಗಿಲ್ಲ. ವಾದ್ಯದವರು ತುತ್ತೂರಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಜನ ಹಂದಿಮಾಂಸವನ್ನು ಶಬ್ದ ಬಾರದಂತೆ ಅಗಿದರು. ಗೊರಕೆ ಒಂದೇ ಹದದಲ್ಲಿ ಸಾಗಿತ್ತು. ವಿಲೆಮ್ ತನ್ನ ಕೋಟು ಬಿಚ್ಚಿ ಮಡಿಸಿ ಅತ್ತೆಯ ಕತ್ತಿನ ಕೆಳಗಿಟ್ಟು, ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಮುಖಕ್ಕೆ ಕೂರುತ್ತಿದ್ದ ನೊಣವನ್ನು ಮಧ್ಯಾಹ್ನವೆಲ್ಲ ಹೆಸರಿನ ಬಿಲ್ಲೆಯಿಂದ ಓಡಿಸುತ್ತಿದ್ದ. ಆ ಬಿಲ್ಲೆ ಅವನಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಹೊತ್ತು ಇಳಿಯುವಾಗ ಅವಳು ಎಚ್ಚೆತ್ತು ಸುತ್ತಲೂ ನೋಡಿದಳು.

"ಯಾಕೆ ಎಲ್ಲಾ ಸಾವಿನ ಮನೇಲಿ ಕೂತಂಗೆ ಕೂತಿದೀರಿ?"

ಹಿನೆಕ್ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದ.

"ಕದಿಯೋಕೆ ತಲೆ ಬೇಕು ಹಿನೆಕ್" ಎಂದಳು ಅಮಾಲಿಯೆ. "ನನ್ನ ಅಳಿಯನಿಗೆ ದಿಂಬು ಯಾವ್ದು ಚೀಲ ಯಾವ್ದು ಅಂತಾನೇ ಗೊತ್ತಾಗಿಲ್ಲ. ಗೊತ್ತಾದ್ಮೇಲೆ ಹೆದರಿ ಮುಚ್ಚಿಟ್ಟಿದಾನೆ. ಇದು ಪೆದ್ದುತನ. ಪೆದ್ದುತನಕ್ಕೆ ಕೊಕ್ಕೆ ಕೀಳೋದಾದ್ರೆ ಈ ಗೋಡೇಲಿ ಒಂದೂ ಉಳಿಯಲ್ಲ."

ಖಾಯಂ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕ್ಷೇಪಣೆ ಯಾರಿಂದಲೂ ಬರಲಿಲ್ಲ.

"ಲೋಟ ಹಾಕು. ಆದ್ರೆ ಅದು ನಂದು. ಹಾಪ್ಸ್ ನನ್ನ ಗಂಡಂದು, ಲೋಟ ನನ್ನ ಗಂಡಂದು, ಅದ್ರ ಮೇಲೆ ಮಲಗಿದ ನಿದ್ದೆ ನಂದು. ಇವನು ನೀರು ಕಾಯಿಸಿದ ಅಷ್ಟೆ. ನಾಳೆಯಿಂದ ದಿನಾ ಸಂಜೆ ಬರ್ತೀನಿ, ಪೀಪಾಯಿ ಮುಗಿಯೋವರೆಗೂ ನಂಗೊಂದು ಗ್ಲಾಸ್ ತೆಗೆದಿಡು. ನಂಗೆ ನಿದ್ದೆ ಬೇಕು."

ಆ ಮೇಜಿಗೆ ಅದುವರೆಗೆ ಹೆಂಗಸರು ಕೂತದ್ದಿಲ್ಲ ಎಂದು ಹೇಳಲು ಹಿನೆಕ್ ಹೊರಟ. ಅವಳು ಅವನನ್ನೇ ನೋಡುತ್ತಿದ್ದಳು. ಅವನು ಒಳಗೆ ಹೋಗಿ ಸ್ಟೂಲು ಹತ್ತಿ ಲೋಟವನ್ನು ಕೊಕ್ಕೆಗೆ ಹಾಕಿದ. ವಿಲೆಮ್ ಬಾಗಿಲಲ್ಲಿ ನಿಂತು ಅದನ್ನು ನೋಡಿದ. ಕಿತ್ತುಹಾಕಲಿಲ್ಲವಲ್ಲ ಎಂದು ಸಮಾಧಾನ, ತನ್ನದಲ್ಲವಲ್ಲ ಎಂದು ದುಃಖ.

"ಅತ್ತೆ, ನಾನು?" ಎಂದ.

"ನಿನ್ನ ಬೇಲಿ ಹಾಪ್ಸ್ ಇದೆಯಲ್ಲ, ಆಡಿಗೂ ಬೇಡದ್ದು" ಎಂದಳು ಅತ್ತೆ. ಡಾಕ್ಟರ್ ವೊಂದ್ರಾ ತಿರುಗಿ ಅಧ್ಯಕ್ಷರನ್ನು ನೋಡಿದರು. ಅತ್ತೆ ಮಾತು ಮುಂದುವರಿಸಿದಳು. "ಅದನ್ನ ಹೊಸಾ ದಿಂಬಿಗೆ ತುಂಬ್ಸು, ಪೈಪೂ ಹಾಕು. ಒಂಬತ್ತು ವರ್ಷ ನಾನು ತಲೆ ಇಟ್ಟು ಮಲಗಿ ಹದ ಮಾಡ್ಕೊಡ್ತೀನಿ. ನಿದ್ದೆ ಬರ್ಲಿ ಬಿಡ್ಲಿ. ಆಮೇಲೆ ಕುದ್ಸು. ಆವತ್ತು ಆ ಲೋಟ ನಿಂದು, ಎಲ್ಲರ ಮುಂದೆ ಹೇಳ್ತಿದೀನಿ. ಅಲ್ಲೀವರೆಗೂ ನನ್ನ ಬದುಕಿಸ್ಕೊಳೋದು ನಿನ್ನ ಕೆಲಸ."

ಅವಳಿಗೆ ಆಗ ಎಪ್ಪತ್ತೆಂಟು.

ಅಂದಿನಿಂದ ವಿಲೆಮ್ ಬದಲಾದ ಮನುಷ್ಯ. ಗಾಳಿ ಬೀಸಿದರೆ ಅತ್ತೆಯ ಕೊರಳಿಗೆ ಮಫ್ಲರ್ ಸುತ್ತುತ್ತಾನೆ. ಮೆಟ್ಟಿಲಿಗೆ ಮಂಜು ಹಿಡಿದರೆ ಅವಳು ಏಳುವ ಮುಂಚೆ ಮರಳು ಹಾಕಿರುತ್ತಾನೆ. ಅವಳು ಒಂದು ಸಲ ಸೀನಿದರೆ ಟಿಕೆಟ್ ಕಿಟಕಿ ಮುಚ್ಚಿ ವೈದ್ಯರನ್ನು ಕರೆತರುತ್ತಾನೆ. ದಿನಾ ಸಂಜೆ ತೋಳು ಹಿಡಿದು ಹಿನೆಕನ ಅಂಗಡಿಗೆ ಕರೆದೊಯ್ದು ಕೊಕ್ಕೆಯ ಕೆಳಗೆ ಕೂರಿಸಿ, ತಾನು ಬಾಗಿಲ ಪಕ್ಕದ ಸಣ್ಣ ಬೆಂಚಿನಲ್ಲಿ ಕೂರುತ್ತಾನೆ. ಅಳಿಯ ಅಂದರೆ ಹೀಗಿರಬೇಕು ಎಂದು ರೂಝೆನಾ ತನ್ನ ಅಳಿಯನಿಗೆ ಹೇಳುತ್ತಾಳೆ. ಅವನು ಹಲ್ಲು ಕಡಿಯುತ್ತಾನೆ.

ಮದುವೆಯಾದ ಮೇಲೆ ಕಾಲಿಡದಿದ್ದ ಚರ್ಚಿಗೂ ಒಂದು ಭಾನುವಾರ ಹೋಗಿ ಅವನು ಮೇಣದಬತ್ತಿ ಕೇಳಿದ. ಯಾರಿಗೆ ಎಂದು ಪಾದ್ರಿ ವಿಚಾರಿಸಿದರು. ಅತ್ತೆಗೆ ಎಂದ. ಪಾದ್ರಿ ಅವನ ಹೆಗಲ ಮೇಲೆ ಕೈಯಿಟ್ಟು, ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ, ಯಾವಾಗ ಹೋದಳು ಎಂದರು.

"ಹೋಗಿಲ್ಲ ಫಾದರ್" ಎಂದ ವಿಲೆಮ್. "ಹೋಗ್ಬಾರ್ದು ಅಂತ."

ಪಾದ್ರಿ ಕೈಯಲ್ಲಿದ್ದ ಸಣ್ಣ ಬತ್ತಿಯನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಒಳಗೆ ಹೋಗಿ ಇರುವುದರಲ್ಲೇ ದೊಡ್ಡದನ್ನು ತಂದುಕೊಟ್ಟರು.